ಸೈನಿಕರಿಗೆ ಮಾನವ ಹಕ್ಕುಗಳ ಪಾಠ: ಜೇಬಿನೊಳಗಿನ ಕಾರ್ಡಿನಿಂದ ಏನಾದರೂ ಆಗುತ್ತದೆಯೇ?

ಗದಗಿನ ಮಾಸ್ತರ

ನನ್ನ ಬಳಿ ಹತ್ತನೆಯ ತರಗತಿ ಓದಿದ ಹುಡುಗನೊಬ್ಬ ಅಗ್ನಿವೀರನಾಗಿ ಸೇರಿ, ತರಬೇತಿ ಮುಗಿಸಿ ಮೊದಲ ರಜೆಗೆ ಊರಿಗೆ ಬಂದಿದ್ದಾನೆ. ಮೊನ್ನೆ ಪೇಡೆಯ ಡಬ್ಬಿ ಹಿಡಿದುಕೊಂಡು ಮನೆಗೆ ಬಂದ. ಮಾತಿನ ನಡುವೆ ಪಾಕೀಟಿನಿಂದ ಒಂದು ಕಾರ್ಡು ತೆಗೆದು ತೋರಿಸಿದ. ಒಂದು ಬದಿಯಲ್ಲಿ ಮಾಡಬೇಕಾದ್ದು, ಇನ್ನೊಂದು ಬದಿಯಲ್ಲಿ ಮಾಡಬಾರದ್ದು. ಎಲ್ಲವೂ ಹಿಂದಿಯಲ್ಲಿ. ಬಾಯಿಪಾಠ ಮಾಡಿಸಿದ್ದಾರಂತೆ. ರಜೆ ಮುಗಿದ ಮೇಲೆ ಕಾಶ್ಮೀರಕ್ಕೆ ಹೋಗುತ್ತಾನೆ.

ಆಮೇಲೆ ಒಂದು ಪ್ರಶ್ನೆ ಕೇಳಿದ. “ಸರ್, ಮೇಲಿನವರು ಹೇಳಿದ್ದನ್ನು ಮರುಮಾತಿಲ್ಲದೆ ಮಾಡಬೇಕು ಎಂದು ಮೊದಲ ದಿನದಿಂದ ಕಲಿಸಿದ್ದಾರೆ. ಈ ಕಾರ್ಡಿನಲ್ಲಿ ಬೇಡ ಎಂದಿರುವುದನ್ನು ಮೇಲಿನವರೇ ಮಾಡು ಎಂದರೆ?”

ನಾನು ಸಮಾಜ ವಿಜ್ಞಾನದ ಮಾಸ್ತರ. ಮೂಲಭೂತ ಹಕ್ಕುಗಳ ಅಧ್ಯಾಯವನ್ನು 26 ವರ್ಷ ಪಾಠ ಮಾಡಿದ್ದೇನೆ. ಉತ್ತರ ಹೊಳೆಯಲಿಲ್ಲ. ಚಹಾ ಆರುತ್ತದೆ, ಕುಡಿ ಎಂದೆ.

ಇಲ್ಲಿ ಸೇನೆಯಲ್ಲಿದ್ದವರು, ಕಾನೂನು ಬಲ್ಲವರು ಇದ್ದೀರಿ. ಈ ತರಬೇತಿಯಲ್ಲಿ ಏನು ಕಲಿಸುತ್ತಾರೆ? ಅದು ನಾಟುತ್ತದೆಯೇ? ಹುಡುಗ ಹೊರಡುವ ಮುನ್ನ ಏನಾದರೂ ಹೇಳಬೇಕಾಗಿದೆ.

ಹಳೆಯ ಸುಬೇದಾರ, ಬೆಳಗಾವಿ

ಮಾಸ್ತರರೇ, ನಮಸ್ಕಾರ. ಆ ಕಾರ್ಡು ಹಂಚುವ, ಕವಾಯತಿನಲ್ಲಿ ಜೇಬು ತಡಕಿ ಅದು ಇದೆಯೇ ಎಂದು ನೋಡುವ ಕೆಲಸವನ್ನು ವರ್ಷಗಟ್ಟಲೆ ಮಾಡಿದವನು ನಾನು. 28 ವರ್ಷದ ನೌಕರಿ, ಅದರಲ್ಲಿ ಮೂರು ಸಲ ಕಾಶ್ಮೀರ, ಒಂದು ಸಲ ಮಣಿಪುರ.

ಮೊದಲು ಹಿನ್ನೆಲೆ. ಸೇನಾ ಮುಖ್ಯಾಲಯದಲ್ಲಿ ಮಾನವ ಹಕ್ಕು ಕೋಶ ಶುರುವಾದದ್ದು 1993ರಲ್ಲಿ. ಅದೇ ಸುಮಾರಿಗೆ ಆಗಿನ ಸೇನಾ ಮುಖ್ಯಸ್ಥ ಜನರಲ್ ಬಿ.ಸಿ. ಜೋಶಿಯವರು ಹತ್ತು ಕಟ್ಟಳೆಗಳನ್ನು ಹೊರಡಿಸಿದರು. ಮೊದಲನೆಯದೇ ಹೇಳುತ್ತದೆ: ನೀನು ಎದುರಿಸುತ್ತಿರುವ ಜನ ನಿನ್ನದೇ ದೇಶದವರು, ನಿನ್ನ ನಡತೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿರಬೇಕು. ಪೊಲೀಸರ ಪ್ರತಿನಿಧಿ ಇಲ್ಲದೆ ಕಾರ್ಯಾಚರಣೆ ಬೇಡ ಎಂಬುದೂ ಅದರಲ್ಲಿದೆ. ಮಾಡಬೇಕಾದ್ದು, ಮಾಡಬಾರದ್ದು ಎಂಬ ಪಟ್ಟಿ ಬೇರೆ. ಹಿಡಿದವನನ್ನು ಆದಷ್ಟು ಬೇಗ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸು, ಹಿಂಸಿಸಿ ಬಾಯಿ ಬಿಡಿಸಬೇಡ, ಬಿಟ್ಟು ಕಳುಹಿಸುವುದಿದ್ದರೂ ನೀನೇ ಬಿಡಬೇಡ, ನಾಗರಿಕ ಅಧಿಕಾರಿಗಳ ಮೂಲಕವೇ ಬಿಡಿಸು. ಈ ಕೊನೆಯದು ಏಕೆ ಎಂದು ಹೊಸ ಹುಡುಗರು ಯಾವಾಗಲೂ ಕೇಳುತ್ತಿದ್ದರು. “ಬಿಟ್ಟೆವು, ಹೋದ” ಎಂದು ನಾವು ಹೇಳಿದ ಮೇಲೆ ಆ ಮನುಷ್ಯ ಮನೆ ಸೇರದಿದ್ದರೆ? ಅದಕ್ಕೇ.

ಪಾಠ ಹೇಗಿರುತ್ತದೆ? ನಿಜ ಹೇಳುತ್ತೇನೆ. ಊಟವಾದ ಮೇಲಿನ ಅವಧಿ. ಕತ್ತಲೆ ಕೋಣೆ, ಪರದೆಯ ಮೇಲೆ ಚಿತ್ರಗಳು, ತಿರುಗುವ ಪಂಖ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓಡಿದವರು ಕುಳಿತಲ್ಲೇ ತೂಗುತ್ತಾರೆ. ಕೊನೆಯಲ್ಲಿ ರಿಜಿಸ್ಟರಿನಲ್ಲಿ ಸಹಿ. ಅಲ್ಲಿಗೆ ಮಾನವ ಹಕ್ಕು ಮುಗಿಯಿತು.

ಆದರೆ ಅಷ್ಟೇ ಅಲ್ಲ. ಕಾಶ್ಮೀರಕ್ಕೆ ಹತ್ತುವ ಮುನ್ನ ಪಲ್ಟನ್ನನ್ನು ಕೋರ್ ಬ್ಯಾಟಲ್ ಸ್ಕೂಲಿನಲ್ಲಿ ಕೆಲವು ವಾರ ಅರೆಯುತ್ತಾರೆ. ಈಶಾನ್ಯದ ಕಡೆಗೆ ಮಿಜೋರಾಮಿನ ವೈರೆಂಗ್ಟೆಯಲ್ಲಿ 1970ರಿಂದಲೂ ಅಂಥದ್ದೇ ಶಾಲೆ ಇದೆ. ಅಲ್ಲಿ ಪಾಠ ಕೋಣೆಯಲ್ಲಿಲ್ಲ, ಓಣಿಯಲ್ಲಿ. ಹುಸಿ ಹಳ್ಳಿ ಕಟ್ಟಿರುತ್ತಾರೆ. ಕಿಟಕಿಯಲ್ಲಿ ಥಟ್ಟನೆ ಒಂದು ಹಲಗೆಯ ಆಕೃತಿ ಎದ್ದು ನಿಲ್ಲುತ್ತದೆ. ಕೈಯಲ್ಲಿರುವುದು ಬಂದೂಕೋ, ಕೊಡೆಯೋ, ಮಗುವೋ? ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು. ಕಾಶ್ಮೀರದ ಚಳಿಯಲ್ಲಿ ಜನ ಫೆರನ್ ಎಂಬ ನಿಲುವಂಗಿಯೊಳಗೆ ಕೆಂಡದ ಕಾಂಗ್ಡಿ ಹಿಡಿದು ಓಡಾಡುತ್ತಾರೆ. ಕೈ ಹೊರಗೆ ಕಾಣುವುದಿಲ್ಲ. ಗದಗಿನಿಂದ ಹೋದ ಹುಡುಗನಿಗೆ ಆ ಗಂಟು ಕಂಡರೆ ಎದೆ ಧಸಕ್ಕೆನ್ನುತ್ತದೆ. ಅದು ಕೆಂಡದ ಬುಟ್ಟಿ ಎಂದು ತಿಳಿಯುವುದೇ ಮಾನವ ಹಕ್ಕುಗಳ ಮೊದಲ ಪಾಠ. ಅಂಥ ಓಣಿಯಲ್ಲಿ ಮಗುವಿನ ಹಲಗೆಗೆ ಗುಂಡು ಹೊಡೆದವನಿಗೆ ಎಲ್ಲರ ಮುಂದೆ ಆಗುವ ಅವಮಾನ ಇದೆಯಲ್ಲ, ಅದು ಹತ್ತು ಭಾಷಣಕ್ಕಿಂತ ಮೇಲು.

ನಿಮ್ಮ ಹುಡುಗನ ಪ್ರಶ್ನೆಗೆ ಉತ್ತರ ಆಮೇಲೆ ಬರೆಯುತ್ತೇನೆ. ಸುಲಭದ್ದಲ್ಲ.

ಖಡಕ್ ಮಾತು

ಎಲ್ಲ ಸರಿ ಸುಬೇದಾರ್ ಸಾಹೇಬರೇ. ಎದುರಿಗಿರುವವನಿಗೆ ಯಾರು ಕಾರ್ಡು ಕೊಡುತ್ತಾರೆ? ಬಾಂಬು ಹೂಳುವವನ ಜೇಬಿನಲ್ಲಿ ಮಾಡಬೇಕಾದ್ದು, ಮಾಡಬಾರದ್ದು ಪಟ್ಟಿ ಇರುತ್ತದೆಯೇ? ನಮ್ಮ ಹುಡುಗರ ಕೈ ಕಟ್ಟಿ ಕಣಕ್ಕಿಳಿಸುವುದು ಯಾವ ನ್ಯಾಯ? ಸೈನಿಕನಿಗೂ ಮಾನವ ಹಕ್ಕು ಇದೆ, ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಹಳೆಯ ಸುಬೇದಾರ, ಬೆಳಗಾವಿ

ಇದೆ. ಅದಕ್ಕೇ ನಾನೂ ಇಲ್ಲಿ ಬರೆಯುತ್ತಿರುವುದು. ಆದರೆ ಅಣ್ಣ, ಬಾಂಬು ಎಲ್ಲಿ ಹೂತಿದ್ದಾರೆ ಎಂದು ನಮಗೆ ಹೇಳುವವರು ಯಾರು? ಕುರಿ ಕಾಯುವವನು, ಹಾಲು ಕೊಡುವವಳು. ನಾವು ಒಂದು ಹಳ್ಳಿ ಸುತ್ತುವರಿದು ಮನೆ ಶೋಧಿಸಿದರೆ ಊರ ಹಿರಿಯನೊಬ್ಬ ಜೊತೆಗಿರುತ್ತಾನೆ. ಮುಗಿದ ಮೇಲೆ ಏನೂ ಕಳುವಾಗಿಲ್ಲ, ಒಡೆದಿಲ್ಲ ಎಂದು ಬರೆಸಿಕೊಳ್ಳುತ್ತೇವೆ. ಎದುರಿಗೆ ಬಂದೂಕು ಇದ್ದಾಗ ಯಾರಾದರೂ ಸಹಿ ಹಾಕುತ್ತಾರೆ, ಆ ಕಾಗದಕ್ಕೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಬೆಲೆ ಗೊತ್ತಾಗುವುದು ಮುಂದಿನ ವಾರ. ಹಿಟ್ಟಿನ ಡಬ್ಬಿ ನೆಲಕ್ಕೆ ಸುರಿದು ಬಂದ ಮನೆಯವರು ಮುಂದಿನ ಸಲ ತಲೆ ತಗ್ಗಿಸಿಕೊಂಡು ಹೋಗುತ್ತಾರೆ. ಆ ದಾರಿಯಲ್ಲಿ ಏನಿದೆ ಎಂದು ಹೇಳುವುದಿಲ್ಲ. ಕೈ ಕಟ್ಟಿರುವುದಲ್ಲ ಅದು, ನಮ್ಮ ಕಣ್ಣು ಉಳಿಸಿಕೊಳ್ಳುವುದು.

ಧಾರವಾಡದ ವಕೀಲೆ

ಕಾರ್ಡಿನ ಬಗ್ಗೆ ಒಂದು ಕಾನೂನಿನ ಮಾತು. ಅದು ಬರಿಯ ಬುದ್ಧಿಮಾತಿನ ಚೀಟಿ ಅಲ್ಲ.

ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯಿದೆ 1958ರದು. ಅದರ 4ನೆಯ ಕಲಮು ಗುಂಡು ಹಾರಿಸುವ, ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ ಕೊಡುತ್ತದೆ. 6ನೆಯ ಕಲಮು ಕೇಂದ್ರದ ಅನುಮತಿ ಇಲ್ಲದೆ ಮೊಕದ್ದಮೆ ಹೂಡುವಂತಿಲ್ಲ ಎನ್ನುತ್ತದೆ. ನಾಗಾ ಜನರ ಮಾನವ ಹಕ್ಕು ಸಂಘಟನೆ ಹೂಡಿದ ಪ್ರಕರಣದಲ್ಲಿ 1997ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ಕಾಯಿದೆಯನ್ನು ಎತ್ತಿಹಿಡಿಯಿತು. ಅರ್ಜಿದಾರರಿಗೆ ಅದು ಸೋಲೇ. ಆದರೆ ಅದೇ ತೀರ್ಪಿನಲ್ಲಿ ಪೀಠ ಸೇನೆಯ ಆ ಪಟ್ಟಿಯನ್ನು ಎತ್ತಿಕೊಂಡು, ಇದನ್ನು ಪಾಲಿಸಲೇಬೇಕು, ಮೀರಿದವರನ್ನು ಸೇನಾ ಕಾಯಿದೆಯಡಿ ಶಿಕ್ಷಿಸಬೇಕು ಎಂದಿತು. ಸೇನೆಯೇ ತನಗಾಗಿ ಬರೆದುಕೊಂಡದ್ದಕ್ಕೆ ಕೋರ್ಟು ಹಲ್ಲು ಜೋಡಿಸಿತು.

ಇನ್ನು ಮಾಸ್ತರರ ಹುಡುಗನ ಪ್ರಶ್ನೆ. 1950ರ ಸೇನಾ ಕಾಯಿದೆಯ 41ನೆಯ ಕಲಮು ಮೇಲಧಿಕಾರಿಯ ಆಜ್ಞೆ ಮೀರುವುದನ್ನು ಅಪರಾಧ ಎನ್ನುತ್ತದೆ. ಯಾವ ಆಜ್ಞೆ? ಕಾನೂನುಬದ್ಧ ಆಜ್ಞೆ. ಆ ಒಂದು ವಿಶೇಷಣದಲ್ಲಿ ಅವನ ಉತ್ತರ ಇದೆ. ಕೈ ಕಟ್ಟಿ ಕೂರಿಸಿದವನನ್ನು ಹೊಡೆ ಎಂಬುದು ಆಜ್ಞೆಯೇ ಅಲ್ಲ, ಅಪರಾಧಕ್ಕೆ ಕರೆ.

ಖಡಕ್ ಮಾತು

ಮೇಡಂ, ಮೈನಸ್ ಹತ್ತು ಡಿಗ್ರಿಯಲ್ಲಿ ನಿಂತವನು ವಿಶೇಷಣ, ನಾಮಪದ ಬಿಡಿಸುತ್ತಾ ಕೂರಬೇಕೇ?

ಧಾರವಾಡದ ವಕೀಲೆ

ಕೂರಬಾರದು. ಅದಕ್ಕಾಗಿಯೇ ಮೊದಲೇ ಬಿಡಿಸಿ ಕೊಟ್ಟಿರಬೇಕು. ತರಬೇತಿ ಎನ್ನುವುದು ಅದನ್ನೇ ಅಲ್ಲವೇ?

ದಿಮಾಪುರದಲ್ಲಿದ್ದವನು

ನಾನು ಬ್ಯಾಂಕಿನವನು, ಊರು ತಿಪಟೂರು. ವರ್ಗಾವಣೆಯ ಮೇಲೆ ನಾಗಾಲ್ಯಾಂಡಿನಲ್ಲಿ ಕೆಲವು ವರ್ಷ ಇದ್ದೆ. 2021ರ ಡಿಸೆಂಬರ್ 4ರ ರಾತ್ರಿ ಅಲ್ಲಿದ್ದವರು ಮರೆಯುವುದಿಲ್ಲ.

ಮೋನ್ ಜಿಲ್ಲೆಯ ಓಟಿಂಗ್. ಕಲ್ಲಿದ್ದಲು ಗಣಿಯ ಕೂಲಿ ಮುಗಿಸಿ ಪಿಕಪ್ ವಾಹನದಲ್ಲಿ ಮನೆಗೆ ಹೋಗುತ್ತಿದ್ದ ಎಂಟು ಮಂದಿಯಲ್ಲಿ ಆರು ಮಂದಿಯನ್ನು ಪ್ಯಾರಾ ವಿಶೇಷ ಪಡೆಯವರು ಉಗ್ರರೆಂದು ತಿಳಿದು ಕೊಂದರು. ಹುಡುಕಿಕೊಂಡು ಬಂದ ಊರವರು ಹೆಣಗಳನ್ನು ಕಂಡು ಕೆರಳಿದರು. ಘರ್ಷಣೆಯಲ್ಲಿ ಇನ್ನೂ ಏಳು ಮಂದಿ ಊರವರು, ಒಬ್ಬ ಸೈನಿಕ ಸತ್ತರು. ಮರುದಿನ ಮೋನ್ ಪಟ್ಟಣದಲ್ಲಿ ಮತ್ತೊಬ್ಬ. ಆಗ ಹಾರ್ನ್‌ಬಿಲ್ ಉತ್ಸವದ ಹೊತ್ತು, ಕೊಹಿಮಾದ ಬಳಿ ಡೋಲು, ಕುಣಿತ. ಒಂದೊಂದೇ ಬುಡಕಟ್ಟು ಹಿಂದೆ ಸರಿಯಿತು, ಕಪ್ಪು ಬಾವುಟ ಬಂತು, ಉತ್ಸವವೇ ನಿಂತಿತು.

ನಮ್ಮ ಶಾಖೆಯ ಕಾವಲುಗಾರ ಅಸ್ಸಾಂ ರೈಫಲ್ಸ್‌ನಿಂದ ನಿವೃತ್ತನಾದ ನಾಗಾ ಮನುಷ್ಯ. ಆ ವಾರವೆಲ್ಲ ಅವನು ಮಾತಾಡಲಿಲ್ಲ. ಒಂದು ದಿನ ಇಷ್ಟೇ ಹೇಳಿದ: “ಎಚ್ಚರಿಕೆ ಕೊಟ್ಟ ಮೇಲೆ ಗುಂಡು ಎಂದು ನಾನೇ ಹುಡುಗರಿಗೆ ಕಲಿಸಿದ್ದೆ.”

ರಾಜ್ಯ ಪೊಲೀಸರ ತನಿಖಾ ತಂಡ 30 ಮಂದಿ ಸೈನಿಕರ ಮೇಲೆ ದೋಷಾರೋಪ ಹೊರಿಸಿತು. 2023ರಲ್ಲಿ ಕೇಂದ್ರ ಅನುಮತಿ ನಿರಾಕರಿಸಿತು. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಮೊಕದ್ದಮೆ ಮುಚ್ಚಿತು, ಅನುಮತಿ ಸಿಕ್ಕರೆ ಮತ್ತೆ ತೆರೆಯಬಹುದು ಎಂದು ಹೇಳಿ. ಅವರೆಲ್ಲ ತರಬೇತಿ ಇಲ್ಲದವರೇ? ಸೇನೆಯ ಅತ್ಯುತ್ತಮ ತರಬೇತಿ ಪಡೆದವರು. ಹಾಗಾಗಿ ಕಾರ್ಡು, ಹುಸಿ ಹಳ್ಳಿ ಎಂದರೆ ನನಗೆ ಒಳಗೆ ಏನೋ ಬಿಗಿಯುತ್ತದೆ. ಕ್ಷಮಿಸಿ.

ನಿರ್ವಾಹಕ

ಮೇಲಿನ ಬರಹಕ್ಕೆ ಬಂದ ಮೂರು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಸತ್ತವರನ್ನು ಹೀಯಾಳಿಸುವುದು, “ದೇಶ ಬಿಟ್ಟು ಹೋಗಿ” ಎನ್ನುವುದು ಇಲ್ಲಿ ಬೇಡ. ಚರ್ಚೆ ಮುಂದುವರಿಯಲಿ.

ಮಡಿಕೇರಿ ಮಂಜು

ನಮ್ಮ ಊರಿನ ಇಬ್ಬರ ಹೆಸರು ಇನ್ನೂ ಬರಲಿಲ್ಲವಲ್ಲ ಎಂದು ಕಾಯುತ್ತಿದ್ದೆ.

1953ರಲ್ಲಿ ಕೊರಿಯಾ ಯುದ್ಧ ನಿಂತಾಗ ಒಂದು ದೊಡ್ಡ ಗೋಜಲು ಉಳಿಯಿತು. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚೀನಿ ಮತ್ತು ಉತ್ತರ ಕೊರಿಯಾದ ಕೈದಿಗಳು ತಮ್ಮ ದೇಶಕ್ಕೆ ಮರಳಲು ಒಪ್ಪಲಿಲ್ಲ. ಬಲವಂತವಾಗಿ ಕಳುಹಿಸಬೇಕೇ, ಅವರ ಇಚ್ಛೆ ಕೇಳಬೇಕೇ? ಅದಕ್ಕೆಂದು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ನಮ್ಮ ತಿಮ್ಮಯ್ಯನವರು. ಕಾವಲಿಗೆ ಸುಮಾರು 6,000 ಭಾರತೀಯ ಸೈನಿಕರು, ಅವರ ಮುಖ್ಯಸ್ಥ ಜನರಲ್ ಥೋರಟ್. ಒಂದು ದಿನ ಕೈದಿಗಳು ನಮ್ಮ ಮೇಜರ್ ಒಬ್ಬನನ್ನು ಬೇಲಿಯೊಳಕ್ಕೆ ಎಳೆದುಕೊಂಡರು. ಥೋರಟ್ ಗುಂಡು ಹಾರಿಸಲು ಹೇಳಲಿಲ್ಲ. ತಾವೇ ಒಳಗೆ ನಡೆದುಹೋಗಿ, ಮಾತಾಡಿ, ಬಿಡಿಸಿಕೊಂಡು ಬಂದರು. ಕಾವಲಿನವರು ಗುಂಡು ಹಾರಿಸಿದ ದಿನಗಳೂ ಇದ್ದವು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಆ ಚಳಿಗಾಲದಲ್ಲಿ ಎರಡೂ ಕಡೆಯವರ ಬೈಗುಳ ತಿಂದುಕೊಂಡು ಕೈದಿಯ ಇಚ್ಛೆಗೆ ಬೆಲೆ ಕೊಟ್ಟವರು ಅವರು. ಯಾವ ದೇಶಕ್ಕೂ ಹೋಗಲೊಪ್ಪದ ಎಂಬತ್ತಕ್ಕೂ ಹೆಚ್ಚು ಕೈದಿಗಳು ನಮ್ಮವರ ಜೊತೆ ಹಡಗು ಹತ್ತಿ ಭಾರತಕ್ಕೇ ಬಂದರು.

ಕಾರಿಯಪ್ಪನವರ ಕಥೆ ಎಲ್ಲರಿಗೂ ಗೊತ್ತು. 1965ರಲ್ಲಿ ಮಗ ಪಾಕಿಸ್ತಾನದ ಸೆರೆಯಲ್ಲಿದ್ದಾಗ ಹಳೆಯ ಪರಿಚಯದ, ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಬಿಡಿಸುವ ಮಾತಾಡಿದರು. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಅವನಿಗೊಬ್ಬನಿಗೆ ಬೇರೆ ಮರ್ಯಾದೆ ಬೇಡ ಎಂದರು ಇವರು.

ಇವರಿಗೆಲ್ಲ ಯಾರೂ ಕಾರ್ಡು ಕೊಟ್ಟಿರಲಿಲ್ಲ.

ಖಡಕ್ ಮಾತು

ಅದು ಬೇರೆ, ಇದು ಬೇರೆ. ಅಲ್ಲಿ ಸಮವಸ್ತ್ರ, ಬೇಲಿ, ಒಪ್ಪಂದ ಎಲ್ಲ ಇತ್ತು. ಇಲ್ಲಿ ಹಗಲು ಅಂಗಡಿ, ರಾತ್ರಿ ಬಂದೂಕು. ಇಷ್ಟು ಮಾತ್ರ ಒಪ್ಪುತ್ತೇನೆ: ಕಾರಿಯಪ್ಪನವರ ವಿಷಯದಲ್ಲಿ ಎದುರಾಡುವ ಯೋಗ್ಯತೆ ನನಗಿಲ್ಲ.

ಧಾರವಾಡದ ವಕೀಲೆ

ಖಡಕ್ ಅವರೇ, ನಿಮ್ಮ ಮಾತಿನಲ್ಲಿ ಹುರುಳಿದೆ. ಭಾರತ ಜಿನೀವಾ ಒಪ್ಪಂದಗಳಿಗಾಗಿ 1960ರಲ್ಲೇ ಕಾಯಿದೆ ಮಾಡಿತು. ಸೈನಿಕರಿಗೆ ಅವುಗಳನ್ನು ಕಲಿಸಬೇಕು ಎಂಬ ಷರತ್ತು ಆ ಒಪ್ಪಂದಗಳಲ್ಲೇ ಇದೆ. ಆದರೆ ಅವು ಮುಖ್ಯವಾಗಿ ದೇಶ ದೇಶಗಳ ನಡುವಿನ ಯುದ್ಧಕ್ಕೆ. ಒಳನಾಡಿನಲ್ಲಿ ಅನ್ವಯಿಸಬೇಕಾದ್ದು ನಮ್ಮ ಸಂವಿಧಾನ.

ಇಲ್ಲಿ ಇಬ್ಬರು ಕರ್ನಾಟಕದವರ ನೆನಪು ತರುತ್ತೇನೆ. ಮಣಿಪುರದಲ್ಲಿ 1,528 ಮಂದಿಯನ್ನು ನ್ಯಾಯಬಾಹಿರವಾಗಿ ಕೊಲ್ಲಲಾಗಿದೆ ಎಂದು ಸತ್ತವರ ಕುಟುಂಬಗಳು ಸುಪ್ರೀಂ ಕೋರ್ಟಿಗೆ ಹೋದವು. 2013ರಲ್ಲಿ ಕೋರ್ಟು ನೇಮಿಸಿದ ಆಯೋಗದ ಅಧ್ಯಕ್ಷರು ನಮ್ಮ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ. ಸದಸ್ಯರಲ್ಲಿ ಒಬ್ಬರು ನಮ್ಮ ರಾಜ್ಯದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಅಜಯ್ ಕುಮಾರ್ ಸಿಂಗ್. ಮಾದರಿಗಾಗಿ ಆರು ಪ್ರಕರಣ ಕೊಟ್ಟಿದ್ದರು, ಪೊಲೀಸರವೂ ಅಸ್ಸಾಂ ರೈಫಲ್ಸ್‌ನವೂ ಸೇರಿ. ಒಂದೂ ನಿಜವಾದ ಎನ್‌ಕೌಂಟರ್ ಅಲ್ಲ ಎಂದು ಆಯೋಗ ವರದಿ ಕೊಟ್ಟಿತು. ಸತ್ತವರಲ್ಲಿ 12 ವರ್ಷದ ಹುಡುಗನೂ ಇದ್ದ. ಸುಬೇದಾರರು ಹೇಳಿದ ಕಟ್ಟಳೆಗಳು ಬಹುಮಟ್ಟಿಗೆ ಕಾಗದದ ಮೇಲೇ ಉಳಿದಿವೆ ಎಂದೂ, ಅಧಿಕಾರ ಹೆಚ್ಚಿದಷ್ಟೂ ಹಿಡಿತ ಬಿಗಿಯಾಗಬೇಕಿತ್ತು, ಮಣಿಪುರದಲ್ಲಿ ಅದು ತಿರುವುಮುರುವಾಗಿದೆ ಎಂದೂ ಆಯೋಗ ಬರೆಯಿತು. 2016ರಲ್ಲಿ ನ್ಯಾಯಮೂರ್ತಿ ಲೋಕೂರ್ ಅವರ ಪೀಠ, ಸತ್ತವನು ಉಗ್ರನೇ ಆಗಿರಲಿ, ಅತಿಯಾದ ಬಲ ಬಳಸಿದ್ದರೆ ತನಿಖೆ ಆಗಲೇಬೇಕು ಎಂದಿತು.

ಮಾನವ ಹಕ್ಕು ಆಯೋಗಕ್ಕೆ ಹೋಗಬಹುದಲ್ಲ ಎಂದು ಕೇಳಬೇಡಿ. 1993ರ ಕಾಯಿದೆಯ 19ನೆಯ ಕಲಮಿನ ಪ್ರಕಾರ ಸಶಸ್ತ್ರ ಪಡೆಗಳ ವಿಷಯದಲ್ಲಿ ಆಯೋಗ ತಾನೇ ತನಿಖೆ ಮಾಡುವಂತಿಲ್ಲ. ಕೇಂದ್ರದಿಂದ ವರದಿ ಕೇಳಿ, ಶಿಫಾರಸು ಮಾಡಬಹುದು, ಅಷ್ಟೇ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವೆಂಕಟಾಚಲಯ್ಯನವರಂಥವರು ಅಧ್ಯಕ್ಷರಾಗಿದ್ದಾಗಲೂ ಕಲಮು ಅದೇ.

ಮೈಸೂರಿನ ಸಂಶೋಧಕಿ

ನನ್ನ ಅಧ್ಯಯನದ ವಿಷಯ ಇದಕ್ಕೆ ಹತ್ತಿರವಾದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ 2004ರಲ್ಲಿ ಯುದ್ಧದಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ನಿಯಮ ಗೊತ್ತಿದ್ದ ಮಾತ್ರಕ್ಕೆ, ಅದನ್ನು ಮನಸ್ಸು ಒಪ್ಪಿದ ಮಾತ್ರಕ್ಕೆ ಯಾರೂ ಪಾಲಿಸುವುದಿಲ್ಲ. ಸ್ಪಷ್ಟ ಆಜ್ಞೆ, ಪದೇ ಪದೇ ಅಭ್ಯಾಸ, ಮೀರಿದರೆ ಶಿಕ್ಷೆ ಇದ್ದರೆ ಮಾತ್ರ ಎಂಬುದು ಅದರ ತಿರುಳು. 2018ರಲ್ಲಿ ಅದೇ ಸಮಿತಿ ಮಾತನ್ನು ತುಸು ತಿದ್ದಿಕೊಂಡಿತು. ಕಾನೂನಿನ ಭಯದ ಜೊತೆಗೆ “ನಾವು ಇಂಥದ್ದು ಮಾಡುವವರಲ್ಲ” ಎಂಬ ಗುಂಪಿನ ಅಭಿಮಾನವೂ ಕೈ ಹಿಡಿಯುತ್ತದೆ ಎಂದಿತು. ಮಡಿಕೇರಿಯವರು ಹೇಳಿದ ಕಥೆಗಳ ಬೆಲೆ ಅಲ್ಲಿದೆ. ಕಾರ್ಡು ಇರಲಿಲ್ಲ, ಆದರೆ ಹಿರಿಯನೊಬ್ಬ ಬೇಲಿಯೊಳಗೆ ನಡೆದದ್ದನ್ನು 6,000 ಮಂದಿ ಬಲ್ಲರು.

ಇದರ ಇನ್ನೊಂದು ಮುಖ ಕೊಲಂಬಿಯಾ. ಅಲ್ಲಿನ ಸೇನೆಗೆ ಮಾನವ ಹಕ್ಕು ತರಬೇತಿ ಇತ್ತು, ಕಚೇರಿಗಳಿದ್ದವು. ಆದರೆ ಎಷ್ಟು ಬಂಡುಕೋರರನ್ನು ಕೊಂದಿರಿ ಎಂಬ ಲೆಕ್ಕದ ಮೇಲೆ ರಜೆ, ಪದಕ, ಬಡ್ತಿ ಸಿಗುತ್ತಿತ್ತು. ಬಡ ಹುಡುಗರಿಗೆ ಕೆಲಸದ ಆಸೆ ತೋರಿಸಿ ಕರೆದೊಯ್ದು ಕೊಂದು, ಬಂಡುಕೋರರ ಬಟ್ಟೆ ತೊಡಿಸಿದರು. 2002ರಿಂದ 2008ರ ನಡುವೆ ಹೀಗೆ ಸತ್ತವರು 6,402 ಎಂದು ಅಲ್ಲಿನ ಶಾಂತಿ ನ್ಯಾಯಾಲಯ 2021ರಲ್ಲಿ ಹೇಳಿತು. ಬೆಳಿಗ್ಗೆ ಕೋಣೆಯಲ್ಲಿ ಮಾನವ ಹಕ್ಕು, ಸಂಜೆ ಫಲಕದ ಮೇಲೆ ಹೆಣದ ಲೆಕ್ಕ. ಹುಡುಗ ಯಾವ ಪಾಠ ಕಲಿಯುತ್ತಾನೆ?

ಧಾರವಾಡದ ವಕೀಲೆ

ಕೆಲಸದ ಆಸೆ ತೋರಿಸಿ ಎಂದಿರಿ. 2010ರಲ್ಲಿ ಕಾಶ್ಮೀರದ ಮಾಚಿಲ್‌ನಲ್ಲಿ ಆದದ್ದೂ ಅದೇ, ಮೂವರು ಹುಡುಗರು. ಕೋರ್ಟ್ ಮಾರ್ಷಲ್ ಅಧಿಕಾರಿಗಳನ್ನೂ ಸೇರಿಸಿ ಜೀವಾವಧಿ ಶಿಕ್ಷೆ ಕೊಟ್ಟಿತು. 2017ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. 2020ರ ಜುಲೈನಲ್ಲಿ ಶೋಪಿಯಾನ್ ಜಿಲ್ಲೆಯ ಅಂಶಿಪೋರಾ, ರಜೌರಿಯಿಂದ ಕೂಲಿಗೆ ಬಂದಿದ್ದ ಮೂವರು. ಬಹುಮಾನದ ಹಣಕ್ಕಾಗಿ ಎಂದು ಪೊಲೀಸರು ಆರೋಪಿಸಿದರು, ಅಂಥ ಬಹುಮಾನದ ಪದ್ಧತಿಯೇ ತನ್ನಲ್ಲಿಲ್ಲ ಎಂದು ಸೇನೆ ಹೇಳಿತು. ಕ್ಯಾಪ್ಟನ್‌ಗೆ 2023ರಲ್ಲಿ ಜೀವಾವಧಿ. ಅದೇ ವರ್ಷ ಅದೂ ಅಮಾನತು.

ಅಂಶಿಪೋರಾದಲ್ಲಿ ಒಂದು ಸಂಗತಿ ಗಮನಿಸಿ. 2020ರ ಸೆಪ್ಟೆಂಬರಿನಲ್ಲಿ ಸೇನೆ ತಾನೇ ಹೇಳಿಕೆ ಕೊಟ್ಟು, ವಿಶೇಷಾಧಿಕಾರವನ್ನು ಮೀರಲಾಗಿದೆ, ಸುಪ್ರೀಂ ಕೋರ್ಟು ಒಪ್ಪಿದ ಮಾಡಬೇಕಾದ್ದು, ಮಾಡಬಾರದ್ದು ಪಟ್ಟಿಯನ್ನು ಉಲ್ಲಂಘಿಸಲಾಗಿದೆ ಎಂದಿತು. ಅಂದರೆ ಮಾಸ್ತರರ ಹುಡುಗನ ಜೇಬಿನಲ್ಲಿರುವ ಅದೇ ಕಾರ್ಡು. ಕೊಲೆಯನ್ನು ಅದು ತಡೆಯಲಿಲ್ಲ. ಆದರೆ ಆಮೇಲೆ ಮೇಜಿನ ಮೇಲೆ ಇಟ್ಟು ಅಳೆಯಲು ಒಂದು ಗಜಕಡ್ಡಿ ಆಯಿತು. ತರಬೇತಿಯ ನಿಜವಾದ ಉಪಯೋಗ ಇದೇ ಎಂದು ನನಗೆ ಅನ್ನಿಸುತ್ತದೆ. “ನನಗೆ ಗೊತ್ತಿರಲಿಲ್ಲ” ಎನ್ನಲು ಆಗುವುದಿಲ್ಲ.

ಹಳೆಯ ಸುಬೇದಾರ, ಬೆಳಗಾವಿ

ಇಲ್ಲಿ ನನ್ನ ತಕರಾರು ಇದೆ ತಾಯಿ.

ರಿಜಿಸ್ಟರಿನಲ್ಲಿ ಸಹಿ ಎಂದೆನಲ್ಲ. ಆ ಸಹಿ ಯಾರನ್ನು ಕಾಯುತ್ತದೆ? ಹೆಚ್ಚಿನ ಸಲ ಮೇಲಿನವರನ್ನು. ಏನಾದರೂ ಆದರೆ ಕಡತ ತೆಗೆದು, “ನೋಡಿ, ಇವನಿಗೆ ಇಂಥ ದಿನ ಪಾಠ ಆಗಿದೆ, ನಾವು ಹೇಳಿದ್ದೆವು” ಎನ್ನಬಹುದು. ತಪ್ಪು ಸಿಪಾಯಿಯ ಹೆಗಲಿಗೆ ಇಳಿಯುತ್ತದೆ. “ಈ ತಿಂಗಳು ನಿಮ್ಮ ಕಂಪನಿಯದು ಏನೂ ಇಲ್ಲವಲ್ಲ” ಎಂದು ಮೀಟಿಂಗಿನಲ್ಲಿ ಕೇಳಿದವರ ಸಹಿ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ಇನ್ನು ನಾನು ಆಮೇಲೆ ಎಂದಿದ್ದು. ಎರಡು ದಿನ ಬರೆದು ಅಳಿಸಿದೆ.

ರಸ್ತೆ ತಪಾಸಣೆಯ ಒಂದು ನಾಕಾದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗನನ್ನು ಹಿಡಿದೆವು. ಊರು, ವರ್ಷ, ಯೂನಿಟ್ ಬೇಡ. ಹೆಸರು ಪಟ್ಟಿಯಲ್ಲಿದ್ದ ಹೆಸರಿಗೆ ಹೊಂದುತ್ತಿತ್ತು. ಸಂಜೆಯೇ ಠಾಣೆಗೆ ಒಪ್ಪಿಸಬೇಕಿತ್ತು. ಹಿಮ ಬೀಳುತ್ತಿದೆ, ಬೆಳಿಗ್ಗೆ ನೋಡೋಣ ಎಂದರು ನನ್ನ ಮೇಲಿನವರು. ರಾತ್ರಿ ಒಳಗೆ ಕೇಳಿದರು, ಕೇಳಿದ ರೀತಿ ನೀವೇ ಊಹಿಸಿಕೊಳ್ಳಿ. ನಾನು ಹೊರಗೆ ಬುಖಾರಿಯ, ಅಂದರೆ ಚಳಿ ಕಾಯಿಸುವ ಒಲೆಯ ಪಕ್ಕ ನಿಂತು ಬೀಡಿ ಸೇದುತ್ತಿದ್ದೆ. ಸದ್ದು ಕೇಳುತ್ತಿತ್ತು. ಬೆಳಿಗ್ಗೆ ಪೊಲೀಸರು ಬಂದು, ಇವನು ಅವನಲ್ಲ, ಅದೇ ಹೆಸರಿನ ಬೇರೆಯವನು ಎಂದರು. ಹುಡುಗ ಬೇಕರಿಯಲ್ಲಿ ರೊಟ್ಟಿ ಸುಡುವವನು. ಹೋಗುವಾಗ ನನ್ನನ್ನು ನೋಡಿದ, ಒಳಗಿದ್ದವರನ್ನಲ್ಲ.

ಕಾರ್ಡು ನನ್ನ ಜೇಬಿನಲ್ಲಿತ್ತು. ಆ ವಾರ ಅದರ ಪಾಠ ಮಾಡಿದವನೂ ನಾನೇ.

ಇನ್ನೊಂದು ಯೂನಿಟ್ಟಿನಲ್ಲಿ ಇದರ ತದ್ವಿರುದ್ಧ ಕಂಡೆ. ಲ್ಯಾನ್ಸ್ ನಾಯಕನೊಬ್ಬ ಬಸ್ ತಪಾಸಣೆಯಲ್ಲಿ ಮುದುಕನೊಬ್ಬನಿಗೆ ಕಪಾಳಕ್ಕೆ ಹೊಡೆದ. ಪಲ್ಟನ್ನಿನ ಮುಖ್ಯಸ್ಥ ಸಿಓ ಸಾಹೇಬರು ಅರ್ಧ ಗಂಟೆಯಲ್ಲಿ ಬಂದರು. ಅವನನ್ನು ಬೈಯಲಿಲ್ಲ. ಮುದುಕನ ಮನೆಗೆ ತಾವೇ ಅವನನ್ನು ಕರೆದುಕೊಂಡು ಹೋಗಿ, ಕೆಳಗೆ ಕೂರಿಸಿ, ಕ್ಷಮೆ ಕೇಳಿಸಿ, ತಾವೂ ಕೇಳಿದರು. ಆಮೇಲೆ ಶಿಕ್ಷೆ ಬೇರೆ. ಮುಂದಿನ ಎರಡು ವರ್ಷ ಆ ಪಲ್ಟನ್ನಿನಲ್ಲಿ ಯಾರೂ ಕೈ ಎತ್ತಲಿಲ್ಲ. ಕಾರ್ಡು ಎರಡೂ ಕಡೆ ಅದೇ, ಮಾಸ್ತರರೇ.

ದಿಮಾಪುರದಲ್ಲಿದ್ದವನು

ಸುಬೇದಾರ್ ಸಾಹೇಬರೇ, ಬರೆದದ್ದಕ್ಕೆ ಕೃತಜ್ಞ.

ಖಡಕ್ ಮಾತು

ನಾನು ಈಗ ಏನೂ ಹೇಳುವುದಿಲ್ಲ. ಒಂದೇ ಪ್ರಶ್ನೆ: ಆ ರಾತ್ರಿ ನೀವು ಒಳಗೆ ಹೋಗಿ ಬೇಡ ಎಂದಿದ್ದರೆ ನಿಮಗೆ ಏನಾಗುತ್ತಿತ್ತು?

ಹಳೆಯ ಸುಬೇದಾರ, ಬೆಳಗಾವಿ

ಬಡ್ತಿ ತಡವಾಗುತ್ತಿತ್ತು. ಬಹುಶಃ ಅಷ್ಟೇ. ಆಗ ಅದು ದೊಡ್ಡದಾಗಿ ಕಂಡಿತ್ತು.

ಜಾಲಹಳ್ಳಿ ಅಕ್ಕ

ನಮ್ಮ ಪಕ್ಕದ ಮನೆಯ ಹುಡುಗಿ ಮಿಲಿಟರಿ ಪೊಲೀಸ್‌ನಲ್ಲಿದ್ದಾಳೆ. ಬೆಂಗಳೂರಿನ ಅವರ ಕೇಂದ್ರದಿಂದ 83 ಯುವತಿಯರ ಮೊದಲ ತಂಡ 2021ರ ಮೇ ತಿಂಗಳಲ್ಲಿ ಹೊರಬಂದಿತು, ಇವಳು ಆಮೇಲಿನ ತಂಡದವಳು. ಮನೆ ಶೋಧಿಸುವಾಗ ಒಳಕೋಣೆಯಲ್ಲಿ ಹೆಂಗಸರು, ಬಾಣಂತಿಯರು ಇರುತ್ತಾರೆ. ಅಲ್ಲಿಗೆ ಗಂಡಸರು ಬೂಟು ಹಾಕಿಕೊಂಡು ನುಗ್ಗುವುದೇ ಅರ್ಧ ಜಗಳದ ಮೂಲ. “ಅಕ್ಕ, ನಾನು ಮೊದಲು ಮಾಡುವ ಕೆಲಸ ಶೂ ಕಳಚುವುದು” ಎನ್ನುತ್ತಾಳೆ. ಆ ಕಾರ್ಡಿನಲ್ಲಿ ಮಹಿಳಾ ಪೊಲೀಸರಿಲ್ಲದೆ ಹೆಂಗಸರನ್ನು ಬಂಧಿಸಬೇಡಿ ಎಂದು ಬರೆದು ಮೂವತ್ತು ವರ್ಷವಾಯಿತಲ್ಲ, ಹೆಂಗಸರನ್ನು ಸೇನೆಯ ಆ ಕೆಲಸಕ್ಕೆ ಸೇರಿಸಿಕೊಳ್ಳಲು ಇಷ್ಟು ಕಾಲ ಬೇಕಾಯಿತೇ?

ಮೈಸೂರಿನ ಸಂಶೋಧಕಿ

ನಿಧಾನವಾಗಿ ಆದರೂ ಕೆಲವು ಬದಲಾಗಿವೆ. 2019ರಲ್ಲಿ ಸೇನೆಯ ಮಾನವ ಹಕ್ಕು ವಿಭಾಗವನ್ನು ಸೇನೆಯ ಉಪ ಮುಖ್ಯಸ್ಥರ ನೇರ ಕೈಕೆಳಗೆ, ಮೇಜರ್ ಜನರಲ್ ದರ್ಜೆಯವರ ನೇತೃತ್ವಕ್ಕೆ ತರಲು ಒಪ್ಪಿಗೆ ಸಿಕ್ಕಿತು. ತನಿಖೆಯ ಅನುಭವಕ್ಕಾಗಿ ಒಬ್ಬ ಪೊಲೀಸ್ ಅಧಿಕಾರಿಯನ್ನೂ ಎರವಲು ಪಡೆಯುವ ಏರ್ಪಾಡು. ಸೇನೆ ಸೇನೆಯನ್ನೇ ವಿಚಾರಿಸಿಕೊಳ್ಳುವುದು ಸಾಲದು ಎಂಬುದು ನನ್ನ ಅಭಿಪ್ರಾಯ, ಆದರೂ ಹೊರಗಿನ ಒಂದು ಜೊತೆ ಕಣ್ಣು ಒಳಗೆ ಬಂದಂತಾಯಿತು.

ಗದಗಿನ ಮಾಸ್ತರ

ಎಲ್ಲವನ್ನೂ ಓದಿದೆ, ಕೆಲವನ್ನು ಹುಡುಗನಿಗೂ ಓದಿ ಹೇಳಿದೆ. ಬೇಕರಿಯ ಹುಡುಗನ ಭಾಗ ಬಂದಾಗ ಅವನು ಎದ್ದು ಅಂಗಳಕ್ಕೆ ಹೋದ.

ಸುಬೇದಾರರೇ, ಇನ್ನೊಂದೇ ಪ್ರಶ್ನೆ. ಅವನಿಗೆ 20 ವರ್ಷ, ಎಲ್ಲರಿಗಿಂತ ಕಿರಿಯ. ಕಾನೂನಿನ ಕಲಮು ಹೇಳಿ ಮೇಲಿನವರನ್ನು ಎದುರಿಸು ಎಂದರೆ ನಡೆಯುವ ಮಾತಲ್ಲ. ಏನು ಮಾಡಬಹುದು?

ಹಳೆಯ ಸುಬೇದಾರ, ಬೆಳಗಾವಿ

ಆಜ್ಞೆಯನ್ನು ಮತ್ತೊಮ್ಮೆ ಕೇಳಿಸಿಕೊಳ್ಳಲು ಹೇಳಿ. ಸೇನೆಯಲ್ಲಿ ಅದು ಉದ್ಧಟತನ ಅಲ್ಲ, ಪದ್ಧತಿ. “ಸಾಬ್, ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ” ಎಂದು ಜೋರಾಗಿ, ನಾಲ್ಕು ಜನಕ್ಕೆ ಕೇಳುವಂತೆ. ವೈರ್‌ಲೆಸ್ ಇದ್ದರೆ ವೈರ್‌ಲೆಸ್‌ನಲ್ಲಿ. ಕತ್ತಲಲ್ಲಿ ಗೊಣಗಿದ ಮಾತನ್ನು ಬೆಳಕಿನಲ್ಲಿ ಎರಡನೆಯ ಸಲ ಹೇಳಲು ಬಹಳ ಜನಕ್ಕೆ ಧೈರ್ಯ ಬರುವುದಿಲ್ಲ. ನನಗೆ ಇದು ಹೊಳೆದದ್ದು ನಿವೃತ್ತಿಯ ಅಂಚಿನಲ್ಲಿ.

ಮತ್ತೆ, ಆ ಹಿಂದಿ ಕಾರ್ಡನ್ನು, ಜೊತೆಗೆ ಆ ಹತ್ತು ಕಟ್ಟಳೆಗಳನ್ನೂ ಅವನ ಕೈಯಿಂದಲೇ ಕನ್ನಡಕ್ಕೆ ಬರೆಸಿ. ನಮ್ಮ ಕಡೆಯ ಹುಡುಗರು ಅದನ್ನು ಗಿಳಿಯ ಹಾಗೆ ಒಪ್ಪಿಸುವುದನ್ನು ಎಷ್ಟು ಸಲ ಕೇಳಿದ್ದೇನೆ, ಅರ್ಥ ಕೇಳಿದರೆ ಮುಖ ಮುಖ ನೋಡುತ್ತಾರೆ.

ಧಾರವಾಡದ ವಕೀಲೆ

ಎರಡನೆಯ ಕಟ್ಟಳೆಯನ್ನು ಹೀಗೆ ಮಾಡಬಹುದು: “ಕಾರ್ಯಾಚರಣೆಯಲ್ಲಿ ಕನಿಷ್ಠ ಬಲಪ್ರಯೋಗ ಮಾಡತಕ್ಕದ್ದು.”

ಹಳೆಯ ಸುಬೇದಾರ, ಬೆಳಗಾವಿ

ತಾಯಿ, ಇದು ಕೋರ್ಟಿನ ಕನ್ನಡ. ಹುಡುಗ ಮತ್ತೆ ನಿದ್ದೆ ಹೋಗುತ್ತಾನೆ. “ಎಷ್ಟು ಬೇಕೋ ಅಷ್ಟೇ ಬಲ, ಒಂದು ಕೂದಲೂ ಹೆಚ್ಚು ಬೇಡ.”

ಖಡಕ್ ಮಾತು

ಮೊದಲನೆಯದನ್ನು ನಾನು ಮಾಡಲೇ? “ಎದುರಿಗಿರುವವರು ನಮ್ಮ ದೇಶದವರೇ. ಇದನ್ನು ಮರೆತು ಒಂದು ಹೆಜ್ಜೆಯೂ ಇಡಬೇಡ.”

ಮಡಿಕೇರಿ ಮಂಜು

ಯಾರು ಬರೆದರು, ಯಾರು ಬರೆದರು ನೋಡಿ!

ಗದಗಿನ ಮಾಸ್ತರ

ಹತ್ತನ್ನೂ ಕೂತು ಬರೆದೆವು. ಖಡಕ್ ಅವರ ಸಾಲನ್ನು ಹಾಗೆಯೇ ಇಟ್ಟುಕೊಂಡಿದ್ದಾನೆ, ಸುಬೇದಾರರ ಸಾಲಿನಲ್ಲಿ “ಬಲ” ತೆಗೆದು “ಕೈ” ಎಂದು ತಿದ್ದಿಕೊಂಡ. ನಿನ್ನೆ ರಾತ್ರಿಯ ರೈಲಿಗೆ ಹೊರಟ. ಎರಡು ಪ್ರತಿ ಮಾಡಿಕೊಂಡಿದ್ದ. ಎರಡು ಏಕೆ ಎಂದು ಕೇಳಿದೆ. “ನಮ್ಮ ಸೆಕ್ಷನ್ನಿನಲ್ಲಿ ಹಾವೇರಿಯವನೊಬ್ಬ ಇದ್ದಾನೆ ಸರ್, ಅವನ ಹಿಂದಿಯೂ ಅಷ್ಟಕ್ಕಷ್ಟೇ” ಎಂದ.